ಮಾರಿಷಸ್, ಬಾರ್ಬಡೋಸ್: ಸಾಗುವಳಿ ಭೂಮಿ ಎಲ್ಲಿ ಜಾಸ್ತಿ ಕರಗಿತು?

ಪ್ರಶ್ನೆ: ನಾನು ಭೂಗೋಳ ವಿಷಯದಲ್ಲಿ ಎಂ.ಎ. ಓದುತ್ತಿದ್ದೇನೆ. ಮಾರಿಷಸ್ ಮತ್ತು ಬಾರ್ಬಡೋಸ್ ದ್ವೀಪಗಳ ಸಾಗುವಳಿ ಭೂಮಿಯ ಅಂಕಿಗಳನ್ನು ಇಳಿಸಿಕೊಂಡು ಗ್ರಾಫ್ ಹಾಕಿದೆ. ಮಾರಿಷಸ್ ಗೆರೆ ಎಷ್ಟೋ ವರ್ಷ ಅಲುಗಾಡದೆ ನಿಂತು ಆಮೇಲೆ ಇಳಿಯುತ್ತದೆ. ಬಾರ್ಬಡೋಸ್ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಬೀಳುತ್ತದೆ. ಹೆಕ್ಟೇರ್ ಗ್ರಾಫ್‌ನಲ್ಲಿ ಮಾರಿಷಸ್ ಜಾಸ್ತಿ ಕಳೆದುಕೊಂಡ ಹಾಗೆ ಕಾಣುತ್ತದೆ, ಶೇಕಡಾವಾರು ಗ್ರಾಫ್‌ನಲ್ಲಿ ಬಾರ್ಬಡೋಸ್. ಯಾವುದನ್ನು ನಂಬಬೇಕು? ಕಡಿಮೆಯಾದ ಜಮೀನು ಎಲ್ಲಿಗೆ ಹೋಯಿತು?

ಉತ್ತರ: ನೇರ ಉತ್ತರ ಮೊದಲು ಕೊಟ್ಟುಬಿಡುತ್ತೇನೆ. ತನ್ನ ಗಾತ್ರಕ್ಕೆ ಹೋಲಿಸಿದರೆ ಜಾಸ್ತಿ ಕಳೆದುಕೊಂಡಿರುವುದು ಬಾರ್ಬಡೋಸ್. ಹೆಕ್ಟೇರ್ ಲೆಕ್ಕಕ್ಕೆ ಬಂದರೆ ಮಾರಿಷಸ್. ನಿಮ್ಮ ಎರಡು ಗ್ರಾಫ್‌ಗಳೂ ಸರಿಯಾಗಿಯೇ ಇವೆ. ಆದರೆ ಎರಡರಲ್ಲೂ ಒಂದು ದೊಡ್ಡ ಸಂಗತಿ ಕಾಣುವುದಿಲ್ಲ. ಮಾರಿಷಸ್‌ನಲ್ಲಿ ನಿಜವಾಗಿ ಪೈರು ನಿಂತಿರುವ ನೆಲ, ದಾಖಲೆಯ ಸಾಗುವಳಿ ಭೂಮಿಗಿಂತ ಬಹಳ ಬೇಗ ಕಡಿಮೆಯಾಗಿದೆ. ಅದನ್ನು ಬಿಟ್ಟರೆ ಹೋಲಿಕೆ ಅರ್ಧಕ್ಕೇ ನಿಂತುಹೋಗುತ್ತದೆ.

ಮೊದಲು ಗಾತ್ರ ನೋಡಿಕೊಳ್ಳಿ. ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಒಂದಾದ ಬಾರ್ಬಡೋಸ್ ಒಟ್ಟು 430 ಚದರ ಕಿಲೋಮೀಟರ್, ಅಂದರೆ 43,000 ಹೆಕ್ಟೇರ್. ಬೆಂಗಳೂರು ನಗರಕ್ಕಿಂತ ಚಿಕ್ಕದು. ಹಿಂದೂ ಮಹಾಸಾಗರದ ಮಾರಿಷಸ್ ಸುಮಾರು 2,040 ಚದರ ಕಿಲೋಮೀಟರ್. ಅದರಲ್ಲಿ ಮುಖ್ಯ ದ್ವೀಪ 1,865, ಪೂರ್ವಕ್ಕಿರುವ ರೊಡ್ರಿಗಸ್ 108. ಜನಸಂಖ್ಯೆ ಬಾರ್ಬಡೋಸ್‌ನಲ್ಲಿ 2.8 ಲಕ್ಷದ ಆಸುಪಾಸು, ಮಾರಿಷಸ್‌ನಲ್ಲಿ 12.6 ಲಕ್ಷದ ಆಸುಪಾಸು. ಎರಡೂ ಕಬ್ಬಿನ ದ್ವೀಪಗಳು. ಎರಡೂ ಬ್ರಿಟಿಷರ ಕೈಯಲ್ಲಿದ್ದವು. ಎರಡೂ ಸಕ್ಕರೆಯನ್ನು ಯುರೋಪಿಗೆ ಮಾರಿ ಬದುಕಿದವು. ಹಾಗಾಗಿ ಈ ಜೋಡಿಯನ್ನು ನೀವು ಆರಿಸಿಕೊಂಡಿದ್ದು ಒಳ್ಳೆಯದಾಯಿತು.

ಈಗ ಅಂಕಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಅಂದರೆ ಎಫ್‌ಎಒ, ಕೊಡುವ ಲೆಕ್ಕದ ಪ್ರಕಾರ ಮಾರಿಷಸ್‌ನ ಉಳುಮೆ ಭೂಮಿ (ಸಾಗುವಳಿ ಭೂಮಿಯ ಮುಖ್ಯ ಭಾಗ; ಎರಡರ ವ್ಯತ್ಯಾಸ ಮುಂದೆ ಹೇಳುತ್ತೇನೆ) 1990ರ ಸುಮಾರಿಗೆ 1,00,000 ಹೆಕ್ಟೇರ್ ಇತ್ತು. ಮೂವತ್ತು ವರ್ಷದ ಮೇಲೆ ಅದು 75,000ದ ಹತ್ತಿರ ಬಂದಿದೆ. ಬಾರ್ಬಡೋಸ್‌ನದು ಇದೇ ಅವಧಿಯಲ್ಲಿ ಸುಮಾರು 16,000ದಿಂದ 7,000ಕ್ಕೆ ಇಳಿದಿದೆ. ಮಾರಿಷಸ್ ಕಳೆದುಕೊಂಡಿದ್ದು 25,000 ಹೆಕ್ಟೇರ್. ಇದು ಇಡೀ ಬಾರ್ಬಡೋಸ್ ದ್ವೀಪದ ಅರ್ಧಕ್ಕಿಂತ ಜಾಸ್ತಿ. ಆದರೆ ಇದ್ದದ್ದರಲ್ಲಿ ಹೋದದ್ದು ನಾಲ್ಕನೇ ಒಂದು ಭಾಗ ಮಾತ್ರ. ಬಾರ್ಬಡೋಸ್ ಕಳೆದುಕೊಂಡ 9,000 ಹೆಕ್ಟೇರ್, ಇದ್ದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ. ದೇಶದ ನೆಲದಲ್ಲಿ ಉಳುಮೆಯ ಪಾಲು ನೋಡಿದರೆ ಮಾರಿಷಸ್ ಶೇ. 49ರಿಂದ 37ಕ್ಕೆ ಬಂತು, ಬಾರ್ಬಡೋಸ್ ಶೇ. 37ರಿಂದ 16ಕ್ಕೆ.

ನನಗೆ ಇವೆಲ್ಲಕ್ಕಿಂತ ಇಷ್ಟವಾಗುವುದು ತಲಾ ಲೆಕ್ಕ. ಅದನ್ನು ಗುಂಟೆಯಲ್ಲಿ ಹಾಕಿ ನೋಡೋಣ, ನಮಗೆ ಕಣ್ಣಿಗೆ ಕಟ್ಟುತ್ತದೆ. 1990ರಲ್ಲಿ ಮಾರಿಷಸ್ ಜನಸಂಖ್ಯೆ ಸುಮಾರು 10.6 ಲಕ್ಷ. ಒಬ್ಬರ ಪಾಲಿಗೆ ಒಂಬತ್ತು ಗುಂಟೆಗಿಂತ ಸ್ವಲ್ಪ ಜಾಸ್ತಿ ಉಳುಮೆ ಭೂಮಿ. ಈಗ ಆರು ಗುಂಟೆಗೆ ಸ್ವಲ್ಪ ಕಡಿಮೆ. ಬಾರ್ಬಡೋಸ್‌ನಲ್ಲಿ 1990ರಲ್ಲಿ ಒಬ್ಬರಿಗೆ ಆರು ಗುಂಟೆ ಇತ್ತು, ಈಗ ಎರಡೂವರೆ. ಅಂದರೆ ಮಾರಿಷಸ್ ಇವತ್ತು ನಿಂತಿರುವ ಜಾಗದಲ್ಲಿ ಬಾರ್ಬಡೋಸ್ 1990ರಲ್ಲೇ ನಿಂತಿತ್ತು. ಈ ಮಾತು ನಿಮ್ಮ ಎರಡು ಗ್ರಾಫ್‌ಗಳಲ್ಲಿ ಯಾವುದರಲ್ಲೂ ಇಲ್ಲ, ಅಲ್ವಾ? ಮೂರನೇ ಗ್ರಾಫ್ ಇದನ್ನೇ ಹಾಕಿ.

ಇನ್ನು ಗೆರೆಗಳ ಆಕಾರದ ವಿಷಯ. ಬಾರ್ಬಡೋಸ್ ಗೆರೆ ಮೆಟ್ಟಿಲಿನ ಹಾಗೆ ಇಳಿಯುವುದಕ್ಕೆ ಕಾರಣ ಸರಳ. ಈ ಅಂಕಿಗಳನ್ನು ಸಾವಿರ ಹೆಕ್ಟೇರ್‌ಗೆ ಸರಿಹೊಂದಿಸಿ ಬರೆದಿರುತ್ತಾರೆ. ಭಾರತದಂಥ ದೇಶಕ್ಕೆ ಸಾವಿರ ಹೆಕ್ಟೇರ್ ಏನೇನೂ ಅಲ್ಲ. ಬಾರ್ಬಡೋಸ್‌ಗೆ ಅದು ಇಡೀ ದೇಶದ ಶೇ. 2.3. ಪಟ್ಟಿಯಲ್ಲಿ 7 ಅಂತ ಇದ್ದರೆ ನಿಜವಾದ ಅಂಕಿ 6,500 ಇರಬಹುದು, 7,400 ಕೂಡ ಇರಬಹುದು. 8ರಿಂದ 7ಕ್ಕೆ ಇಳಿದ ವರ್ಷದಲ್ಲಿ ಏನೋ ದೊಡ್ಡ ಅನಾಹುತ ಆಯಿತು ಅಂತ ಕಥೆ ಕಟ್ಟಬೇಡಿ. ನೂರು ಹೆಕ್ಟೇರ್ ಆಚೀಚೆ ಆದರೂ ಅಂಕಿ ಒಂದು ಮೆಟ್ಟಿಲು ಕೆಳಗೆ ಬೀಳುತ್ತದೆ. ಹಾಗಾಗಿ ಬಾರ್ಬಡೋಸ್‌ಗೆ ವರ್ಷ ವರ್ಷದ ಬದಲಾವಣೆ ಲೆಕ್ಕ ಹಾಕಲೇಬೇಡಿ. ಹತ್ತು ವರ್ಷಕ್ಕೊಂದು ಅಂಕಿ ತೆಗೆದುಕೊಳ್ಳಿ, ಸಾಕು.

ಮಾರಿಷಸ್ ಗೆರೆ ಅಲುಗಾಡದೆ ನಿಂತಿರುವುದಕ್ಕೆ ಕಾರಣ ಬೇರೆ. ಎಫ್‌ಎಒ ತಾನೇ ಹೋಗಿ ಯಾರ ಜಮೀನನ್ನೂ ಅಳೆಯುವುದಿಲ್ಲ. ಪ್ರತಿವರ್ಷ ದೇಶಗಳಿಗೆ ಪ್ರಶ್ನಾವಳಿ ಕಳಿಸುತ್ತದೆ. ಹೊಸ ಅಂಕಿ ಬರದಿದ್ದರೆ ಅಂದಾಜು ಮಾಡುತ್ತದೆ, ಎಷ್ಟೋ ಸಲ ಹಳೆಯ ಅಂಕಿಯೇ ಮುಂದುವರಿಯುತ್ತದೆ. ನಮ್ಮ ಪಹಣಿಯ ಬೆಳೆ ಕಾಲಂನಲ್ಲಿ ಹಳೆಯ ಬೆಳೆಯೇ ವರ್ಷಗಟ್ಟಲೆ ಕೂತಿರುತ್ತದಲ್ಲ, ಅದೇ ರೀತಿ. ಯಾವ ದೇಶದ ಸಾಗುವಳಿಯೂ ವರ್ಷ ವರ್ಷ ಅದೇ ದುಂಡನೆಯ ಅಂಕಿಯಲ್ಲಿ ನಿಲ್ಲುವುದಿಲ್ಲ. ಹಾಗೆ ನಿಂತ ಗೆರೆ ಕಂಡರೆ ಅದು ಜಮೀನಿನ ಸ್ಥಿತಿ ಹೇಳುತ್ತಿಲ್ಲ, ಅಂಕಿ ಕೊಟ್ಟ ರೀತಿ ಹೇಳುತ್ತಿದೆ ಅಂತ ತಿಳಿಯಿರಿ. ದತ್ತಾಂಶದ ಪ್ರತಿ ಅಂಕಿಯ ಪಕ್ಕದಲ್ಲಿ ಒಂದು ಗುರುತಿನ ಅಕ್ಷರ ಇರುತ್ತದೆ. ಅಂಕಿ ಸರ್ಕಾರ ಕೊಟ್ಟದ್ದೋ, ಅಂದಾಜೋ ಅಂತ ಅದು ಹೇಳುತ್ತದೆ. ಇಳಿಸಿಕೊಳ್ಳುವಾಗ ಆ ಕಾಲಂ ಬಿಟ್ಟುಬಿಡುವವರೇ ಜಾಸ್ತಿ. ನೀವು ಬಿಡಬೇಡಿ. ಗ್ರಾಫ್‌ನಲ್ಲಿ ಅಧಿಕೃತ ಅಂಕಿಗೆ ಗಟ್ಟಿ ಚುಕ್ಕೆ, ಅಂದಾಜಿಗೆ ಖಾಲಿ ಚುಕ್ಕೆ ಇಡಿ. ನೋಡಿದ ಕೂಡಲೇ ಅರ್ಧ ಅನುಮಾನ ಬಗೆಹರಿಯುತ್ತದೆ.

ಹೆಸರುಗಳನ್ನೂ ಸರಿಯಾಗಿ ಬಳಸಿ. ಉಳುಮೆ ಭೂಮಿ ಬೇರೆ, ಸಾಗುವಳಿ ಭೂಮಿ ಬೇರೆ. ವರ್ಷದ ಬೆಳೆಗಳು, ತರಕಾರಿ ತೋಟ, ತಾತ್ಕಾಲಿಕ ಹುಲ್ಲುಗಾವಲು, ಐದು ವರ್ಷಕ್ಕಿಂತ ಕಡಿಮೆ ಕಾಲ ಬೀಳು ಬಿಟ್ಟ ನೆಲ, ಇಷ್ಟೂ ಸೇರಿದರೆ ಉಳುಮೆ ಭೂಮಿ. ಅದಕ್ಕೆ ತೆಂಗು, ಚಹಾ, ಹಣ್ಣಿನ ಗಿಡದಂಥ ಶಾಶ್ವತ ಬೆಳೆಗಳ ನೆಲ ಸೇರಿಸಿದರೆ ಸಾಗುವಳಿ ಭೂಮಿ. ಕಬ್ಬನ್ನು ಒಮ್ಮೆ ನೆಟ್ಟರೆ ಮಾರಿಷಸ್‌ನಲ್ಲಿ ಏಳೆಂಟು ವರ್ಷ ಕೂಳೆ ಬೆಳೆ, ಅಂದರೆ ಕಡಿದ ಬುಡದಿಂದಲೇ ಮತ್ತೆ ಚಿಗುರುವ ಬೆಳೆ, ತೆಗೆಯುತ್ತಾರೆ. ಆದರೂ ಈ ವರ್ಗೀಕರಣದಲ್ಲಿ ಅದು ಶಾಶ್ವತ ಬೆಳೆ ಅಲ್ಲ, ಉಳುಮೆ ಭೂಮಿಯ ಲೆಕ್ಕಕ್ಕೇ ಬರುತ್ತದೆ.

ಇದು ಸುಮ್ನೆ ಶಾಸ್ತ್ರಕ್ಕೆ ಹೇಳುವ ಮಾತಲ್ಲ. ಮಾರಿಷಸ್‌ನ ಮಧ್ಯದ ಎತ್ತರದ ಪ್ರದೇಶದಲ್ಲಿ ಹಿಂದೆ ಚಹಾ ತೋಟಗಳು ಸಾಕಷ್ಟಿದ್ದವು. 1990ರ ದಶಕದಲ್ಲಿ ಅವುಗಳಲ್ಲಿ ದೊಡ್ಡ ಭಾಗ ಕಿತ್ತು ಕಬ್ಬು ಹಾಕಿದರು. ನೆಲ ಅದೇ, ಸಾಗುವಳಿಯೂ ಮುಂದುವರಿದಿದೆ. ಆದರೆ ನೀವು ಬರೀ ಉಳುಮೆ ಭೂಮಿಯ ಕಾಲಂ ನೋಡಿದರೆ ಎಲ್ಲಿಂದಲೋ ಹೊಸ ಜಮೀನು ಬಂದ ಹಾಗೆ ಕಾಣಬೇಕು. ಎರಡೂ ಕಾಲಂ ಕೂಡಿಸಿ ಬರೆಯಿರಿ.

ಆ 'ಐದು ವರ್ಷ' ಅನ್ನುವ ನಿಯಮದಲ್ಲೇ ಮಾರಿಷಸ್‌ನ ನಿಜವಾದ ಕಥೆ ಅಡಗಿದೆ. ಜಮೀನು ಬೀಳು ಬಿಟ್ಟ ಮೊದಲ ನಾಲ್ಕೈದು ವರ್ಷ ಅದು ಲೆಕ್ಕದಲ್ಲಿ ಉಳುಮೆ ಭೂಮಿಯೇ. ಐದು ದಾಟಿದ ಮೇಲೆ ಹೊರಗೆ ಹೋಗಬೇಕು. ಆದರೆ ಯಾವ ತುಂಡು ಯಾವ ವರ್ಷ ಐದು ದಾಟಿತು ಅಂತ ಯಾರು ನೋಡುತ್ತಾರೆ? ಕೃಷಿ ಗಣತಿ ಆದಾಗ ಒಂದು ಸಲ ನೋಡುತ್ತಾರೆ. ಮಾರಿಷಸ್‌ನಲ್ಲಿ 2014ರಲ್ಲಿ ಅಂಥ ಗಣತಿ ಆಯಿತು. ಎರಡು ಗಣತಿಗಳ ನಡುವೆ ಪಾಳು ಬಿದ್ದ ನೆಲ ಕಾಗದದ ಮೇಲೆ ಹೊಲವಾಗಿಯೇ ಉಳಿಯುತ್ತದೆ.

ಹಾಗಾದರೆ ನಿಜ ತಿಳಿಯುವುದು ಹೇಗೆ? ಕಬ್ಬು ಕಟಾವಾದ ವಿಸ್ತೀರ್ಣ ನೋಡಿ. ಇದನ್ನು ಕಾರ್ಖಾನೆಗಳು ಲೆಕ್ಕ ಇಡುತ್ತವೆ. ಯಾರ ಕಬ್ಬು ಎಷ್ಟು ಬಂತು ಅನ್ನುವುದರ ಮೇಲೆ ದುಡ್ಡು ಹಂಚಬೇಕಲ್ಲ, ಹಾಗಾಗಿ ಅದು ಹೆಚ್ಚು ನಂಬಬಹುದಾದ ಅಂಕಿ. 1990ರ ಸುಮಾರಿಗೆ ಮಾರಿಷಸ್‌ನಲ್ಲಿ 76,000 ಹೆಕ್ಟೇರ್ ಆಸುಪಾಸಿನಲ್ಲಿ ಕಬ್ಬು ಕಡಿಯುತ್ತಿದ್ದರು. 2020ರ ದಶಕ ಶುರುವಾಗುವ ಹೊತ್ತಿಗೆ ಅದು 40,000ದ ಹತ್ತಿರ ಬಂದಿತ್ತು. ಹತ್ತಿರ ಹತ್ತಿರ ಅರ್ಧ ಹೋಗಿದೆ. ಸಕ್ಕರೆಯೂ ಆರು ಲಕ್ಷ ಟನ್‌ಗಿಂತ ಜಾಸ್ತಿ ಇದ್ದದ್ದು ಎರಡೂವರೆ ಲಕ್ಷದ ಆಸುಪಾಸಿಗೆ ಇಳಿದಿದೆ. ಉಳುಮೆ ಭೂಮಿ ಕಾಲು ಭಾಗ ಕಡಿಮೆ ಅನ್ನುತ್ತದೆ ಒಂದು ಪಟ್ಟಿ, ದ್ವೀಪದ ಮುಖ್ಯ ಬೆಳೆಯ ನೆಲ ಅರ್ಧಕ್ಕೆ ಬಂದಿದೆ ಅನ್ನುತ್ತದೆ ಇನ್ನೊಂದು. ಕಬ್ಬು ಬಿಟ್ಟ ಜಾಗವನ್ನೆಲ್ಲ ತರಕಾರಿ ತುಂಬಿದೆಯೇ? ಇಲ್ಲ. ಮಾರಿಷಸ್‌ನಲ್ಲಿ ತರಕಾರಿ, ಆಲೂಗಡ್ಡೆ ಮುಂತಾದವು ನಿಂತಿರುವುದು ಕೆಲವೇ ಸಾವಿರ ಹೆಕ್ಟೇರ್‌ನಲ್ಲಿ. ನಡುವಿನ ಅಂತರದಲ್ಲಿ ಬಹಳಷ್ಟು ಬೀಳು ನೆಲ.

ಕಟಾವು ವಿಸ್ತೀರ್ಣಕ್ಕೂ ತನ್ನದೇ ತೊಡಕುಗಳಿವೆ. ಕೂಳೆ ತೆಗೆದು ಹೊಸದಾಗಿ ನಾಟಿ ಮಾಡಿದ ಹೊಲ ಆ ವರ್ಷ ಕಟಾವಿಗೆ ಬರದೇ ಇರಬಹುದು. ಆಗ ಅದು ಲೆಕ್ಕದಿಂದ ಹೊರಗೆ. ಇನ್ನೊಂದು ಕಡೆ, ಮಾರಿಷಸ್‌ನಲ್ಲಿ ಕಬ್ಬಿನ ಸಾಲುಗಳ ನಡುವೆ ಆಲೂಗಡ್ಡೆ, ಹುರುಳಿಕಾಯಿ ಬೆಳೆಯುವ ಪದ್ಧತಿ ಇದೆ. ಆ ನೆಲ ಎರಡು ಬೆಳೆಯ ಲೆಕ್ಕದಲ್ಲೂ ಬರುತ್ತದೆ. ಹಾಗಾಗಿ ಎಲ್ಲ ಬೆಳೆಗಳ ಕಟಾವು ವಿಸ್ತೀರ್ಣ ಕೂಡಿಸಿ ಅದೇ ಸಾಗುವಳಿ ಭೂಮಿ ಅಂತ ಬರೆಯಬೇಡಿ. ಎರಡನ್ನೂ ಪಕ್ಕ ಪಕ್ಕ ಇಡಿ.

ಹಳೆಯ ಪುಸ್ತಕಗಳಿಂದ ಅಂಕಿ ತೆಗೆದರೆ ಅಳತೆಯ ಮೇಲೆ ಕಣ್ಣಿರಲಿ. ಮಾರಿಷಸ್‌ನಲ್ಲಿ ಫ್ರೆಂಚರ ಕಾಲದ ಆರ್ಪೆಂಟ್ ಇವತ್ತಿಗೂ ಬಳಕೆಯಲ್ಲಿದೆ. ಒಂದು ಆರ್ಪೆಂಟ್ ಅಂದರೆ 0.42 ಹೆಕ್ಟೇರ್, ಎಕರೆಗಿಂತ ಶೇ. 4ರಷ್ಟು ದೊಡ್ಡದು. ಬಾರ್ಬಡೋಸ್‌ನ ಹಳೆಯ ಲೆಕ್ಕಗಳೆಲ್ಲ ಎಕರೆಯಲ್ಲಿ. ಆರ್ಪೆಂಟನ್ನು ಎಕರೆ ಅಂದುಕೊಂಡು ಪರಿವರ್ತಿಸಿದರೆ ಒಂದು ಲಕ್ಷ ಹೆಕ್ಟೇರ್‌ನಲ್ಲಿ ನಾಲ್ಕು ಸಾವಿರ ಹೆಕ್ಟೇರ್ ಮಾಯವಾಗುತ್ತದೆ.

ಈಗ ನಿಮ್ಮ ಕೊನೆಯ ಪ್ರಶ್ನೆ, ಜಮೀನು ಎಲ್ಲಿಗೆ ಹೋಯಿತು ಅನ್ನುವುದು. ನನ್ನ ಪ್ರಕಾರ ಇಡೀ ಹೋಲಿಕೆಯ ಜೀವ ಇಲ್ಲಿದೆ. ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬಾರ್ಬಡೋಸ್‌ಗೆ ಇಂಗ್ಲಿಷರು ಬಂದು ನೆಲೆ ನಿಂತದ್ದು 1627ರಲ್ಲಿ. 1640ರ ದಶಕದಲ್ಲಿ ಕಬ್ಬು ಹಿಡಿಯಿತು. ಒಂದು ತಲೆಮಾರು ಕಳೆಯುವಷ್ಟರಲ್ಲಿ ದ್ವೀಪದ ಕಾಡು ಹೆಚ್ಚು ಕಡಿಮೆ ಪೂರ್ತಿ ಹೋಗಿತ್ತು. ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ಬೆವರಲ್ಲಿ ಆದ ಕೆಲಸ ಅದು. ನೀವು ಬಳಸಿದ ದತ್ತಾಂಶ 1961ರಿಂದ ಶುರುವಾಗುತ್ತದೆ. ಅಷ್ಟು ಹೊತ್ತಿಗೆ ಆ ಮಣ್ಣು ಮುನ್ನೂರು ವರ್ಷ ಕಬ್ಬು ಹೊತ್ತಿತ್ತು.

ಆ ಮಣ್ಣನ್ನು ಅಷ್ಟು ಕಾಲ ಹೇಗೆ ಉಳಿಸಿಕೊಂಡರು ಅನ್ನುವುದು ತಿಳಿಯಬೇಕಾದ ವಿಷಯ. ದ್ವೀಪದ ಶೇ. 85ರಷ್ಟು ಭಾಗ ಹವಳದ ಸುಣ್ಣಕಲ್ಲು. ಅದರ ಮೇಲೆ ತೆಳ್ಳಗೆ ಮಣ್ಣು. ಕಾಡು ಹೋದ ಮೇಲೆ ಮಳೆಗೆ ಮಣ್ಣು ಜಾರತೊಡಗಿತು. ಆಗ ಸಾಲು ಹೊಡೆಯುವುದನ್ನು ಬಿಟ್ಟು ಚೌಕ ಗುಂಡಿ ತೋಡುವ ಪದ್ಧತಿ ಬಂತು. ಹೊಲದ ತುಂಬ ನಾಲ್ಕೈದು ಅಡಿ ಅಗಲದ ಚೌಕಗಳು, ಸುತ್ತ ಸಣ್ಣ ಬದು, ನಡುವಿನ ತಗ್ಗಿನಲ್ಲಿ ಕಬ್ಬು, ಗೊಬ್ಬರ. ಮಳೆ ನೀರು ಅಲ್ಲೇ ಇಂಗುತ್ತದೆ, ಮಣ್ಣು ಓಡುವುದಿಲ್ಲ. ಗುಲಾಮರು ಸಾಲಾಗಿ ನಿಂತು ಗುದ್ದಲಿಯಲ್ಲಿ ಇದನ್ನು ತೋಡಬೇಕಿತ್ತು. ಇಳಿಜಾರಿನಲ್ಲಿ ಕೊಚ್ಚಿ ಬಂದ ಮಣ್ಣನ್ನು ಬುಟ್ಟಿಯಲ್ಲಿ ತುಂಬಿ ತಲೆ ಮೇಲೆ ಹೊತ್ತು ಮತ್ತೆ ಮೇಲಕ್ಕೆ ಹಾಕಿಸುತ್ತಿದ್ದರು. ಈ ದ್ವೀಪದ ಪ್ರತಿ ಹೆಕ್ಟೇರ್ ಸಾಗುವಳಿಯ ಹಿಂದೆ ಇಂಥ ದುಡಿಮೆ ಇದೆ. ಅಂಕಿ ಬರೆಯುವಾಗ ನನಗೆ ಇದು ನೆನಪಾಗುತ್ತದೆ.

ಇಲ್ಲಿ ಕರ್ನಾಟಕಕ್ಕೂ ಒಂದು ನಂಟಿದೆ. ಬಾರ್ಬಡೋಸ್‌ನ ಕಬ್ಬಿನ ಹೊಲಗಳ ಅಂಚಿಗೆ ಮಣ್ಣು ಹಿಡಿಯಲು ಲಾವಂಚದ ಸಾಲು ನೆಡುತ್ತಿದ್ದರು. ಅಲ್ಲಿನ ಜನ ಅದನ್ನು ಖಸ್ ಖಸ್ ಹುಲ್ಲು ಅನ್ನುತ್ತಾರೆ. ನಮ್ಮ ಗುಂಡ್ಲುಪೇಟೆ ಕಡೆಯ ರೈತರು ತಲೆತಲಾಂತರದಿಂದ ಹೊಲದ ಬದುವಿಗೆ ಇದೇ ಲಾವಂಚ ಹಾಕಿಕೊಂಡು ಬಂದಿದ್ದಾರೆ. 1980ರ ದಶಕದಲ್ಲಿ ವಿಶ್ವಬ್ಯಾಂಕ್‌ನ ತಜ್ಞರು ಮಣ್ಣಿನ ಸವಕಳಿ ತಡೆಗೆ ಈ ಹುಲ್ಲನ್ನು ಜಗತ್ತಿಗೆಲ್ಲ ಹೇಳಲು ಹೊರಟಾಗ ಈ ಹೊಲಗಳು ಅವರಿಗೆ ಕಣ್ಣೆದುರಿನ ಸಾಕ್ಷಿಯಾದವು.

ಬಾರ್ಬಡೋಸ್‌ನಲ್ಲಿ ಸಕ್ಕರೆ 1957ರಲ್ಲಿ ಎರಡು ಲಕ್ಷ ಟನ್ ದಾಟಿತ್ತು. ಇತ್ತೀಚಿನ ವರ್ಷಗಳಲ್ಲಿ ಹತ್ತು ಸಾವಿರ ಟನ್ ಮುಟ್ಟುವುದೂ ಕಷ್ಟ. ಉಳಿದಿರುವುದು ಪೋರ್ಟ್‌ವೇಲ್ ಅನ್ನುವ ಒಂದೇ ಕಾರ್ಖಾನೆ. ಇಷ್ಟು ಬೇಗ ಬೀಳುವುದಕ್ಕೆ ಬರೀ ಸಕ್ಕರೆ ದರ ಕಾರಣ ಅಂತ ನನಗನ್ನಿಸುವುದಿಲ್ಲ. ಜಮೀನು ಯಾರ ಕೈಯಲ್ಲಿತ್ತು ಅನ್ನುವುದು ಅಷ್ಟೇ ಮುಖ್ಯ. 1838ರಲ್ಲಿ ಗುಲಾಮಗಿರಿಯಿಂದ ಪೂರ್ತಿ ಬಿಡುಗಡೆ ಸಿಕ್ಕಾಗ ಅಲ್ಲಿನ ಜನರಿಗೆ ಹಿಡಿಯಲು ಖಾಲಿ ನೆಲ ಇರಲಿಲ್ಲ. ಎಲ್ಲವೂ ಎಸ್ಟೇಟುಗಳದ್ದೇ. ಎಸ್ಟೇಟಿನ ಅಂಚಿನಲ್ಲಿ ತುಂಡು ಜಾಗ ಬಾಡಿಗೆಗೆ ಪಡೆದು, ಬೇಕಾದಾಗ ಬಿಚ್ಚಿ ಸಾಗಿಸಬಹುದಾದ ಮರದ ಮನೆ ಕಟ್ಟಿಕೊಂಡರು. 1980ರ ಕಾನೂನು ಬಂದ ಮೇಲೆ ತಾವು ಕೂತಿದ್ದ ಜಾಗವನ್ನು ಚದರ ಅಡಿಗೆ 10 ಸೆಂಟ್‌ನಂತೆ ಕೊಳ್ಳುವ ಹಕ್ಕು ಎಸ್ಟೇಟಿನ ಒಕ್ಕಲುಗಳಿಗೆ ಸಿಕ್ಕಿತು. ಅದು ನ್ಯಾಯದ ಕೆಲಸ. ಆದರೆ ಹೊಲಗಳು ದೊಡ್ಡ ದೊಡ್ಡ ತುಂಡಾಗಿ ಎಸ್ಟೇಟುಗಳ ಕೈಯಲ್ಲೇ ಉಳಿದವು. ಪ್ರವಾಸೋದ್ಯಮ ಬೆಳೆದು ನೆಲದ ಬೆಲೆ ಏರಿದ ಹಾಗೆ ಕಬ್ಬಿಗಿಂತ ನಿವೇಶನ ಲಾಭ ಅನ್ನಿಸಿತು. ಒಬ್ಬ ಮಾಲೀಕ ಮನಸ್ಸು ಮಾಡಿದರೆ ನೂರಾರು ಎಕರೆ ಒಂದೇ ಸಲ ಕೈಬಿಟ್ಟುಹೋಗುತ್ತದೆ. ರಾಯಲ್ ವೆಸ್ಟ್‌ಮೋರ್‌ಲ್ಯಾಂಡ್, ಏಪ್ಸ್ ಹಿಲ್ ಅನ್ನುವ ಗಾಲ್ಫ್ ಬಡಾವಣೆಗಳು ನಿಂತಿರುವುದು ಹಿಂದಿನ ಕಬ್ಬಿನ ಎಸ್ಟೇಟುಗಳ ಮೇಲೆ. ಮಾರಾಟವಾಗದ ಹೊಲಗಳಲ್ಲಿ ಹುಲ್ಲು, ಪೊದೆ.

ಮಾರಿಷಸ್ ದಾರಿ ಬೇರೆ. ಡಚ್ಚರು 1639ರಲ್ಲಿ ಜಾವಾದಿಂದ ಕಬ್ಬು ತಂದರೂ ಅದು ದೊಡ್ಡದಾಗಿ ಬೆಳೆದದ್ದು ಬಹಳ ತಡವಾಗಿ. ಫ್ರೆಂಚ್ ಗವರ್ನರ್ ಲಾ ಬೂರ್ದೊನೆ 1730ರ ದಶಕದಲ್ಲಿ ಉತ್ತೇಜನ ಕೊಟ್ಟ. 1810ರಲ್ಲಿ ಬ್ರಿಟಿಷರು ದ್ವೀಪ ಹಿಡಿದರು. 1825ರಲ್ಲಿ ಮಾರಿಷಸ್ ಸಕ್ಕರೆಗೂ ವೆಸ್ಟ್ ಇಂಡೀಸ್ ಸಕ್ಕರೆಗೂ ಬ್ರಿಟನ್ನಿನಲ್ಲಿ ಒಂದೇ ಸುಂಕ ಅಂತಾಯಿತು. ಅಲ್ಲಿಂದ ಮುಂದೆ ಕಬ್ಬಿನ ನೆಲ ಹಬ್ಬಿದ್ದೇ ಹಬ್ಬಿದ್ದು. ಗುಲಾಮಗಿರಿ ಕೊನೆಗೊಳ್ಳುವ ಹೊತ್ತಿಗೆ, 1834ರಿಂದ, ಭಾರತದಿಂದ ಕರಾರು ಕೂಲಿಗಳು ಬಂದರು. ಒಟ್ಟು ನಾಲ್ಕೂವರೆ ಲಕ್ಷದಷ್ಟು ಜನ. ಅವರು ಹಡಗಿನಿಂದ ಇಳಿದ ಪೋರ್ಟ್ ಲೂಯಿಯ ಆಪ್ರವಾಸಿ ಘಾಟ್ ಈಗ ವಿಶ್ವ ಪರಂಪರೆಯ ತಾಣ.

ಜ್ವಾಲಾಮುಖಿಯಿಂದ ಹುಟ್ಟಿದ ದ್ವೀಪ ಇದು. ಹೊಲದ ತುಂಬ ಕರಿ ಕಲ್ಲು. ಗುಲಾಮರು, ಆಮೇಲೆ ಕೂಲಿಗಳು, ಆ ಕಲ್ಲನ್ನು ಕೈಯಲ್ಲೇ ಆರಿಸಿ ಹೊಲದ ನಡುವೆ ಗುಡ್ಡೆ ಹಾಕಿದರು. ಕಬ್ಬಿನ ನಡುವೆ ಎದ್ದು ನಿಂತ ಆ ಕರಿ ಗುಡ್ಡೆಗಳು ಈಗಲೂ ಅಲ್ಲಲ್ಲಿ ಕಾಣುತ್ತವೆ. ಆಮೇಲೆ ಬುಲ್ಡೋಜರ್ ಬಂದು ಕಲ್ಲು ತೆಗೆದು ಯಂತ್ರ ಓಡುವ ಹಾಗೆ ಹೊಲ ಹದ ಮಾಡಿದರು. ಈ ಕೆಲಸ ಆದ ಕಡೆ ಕಬ್ಬು ಉಳಿಯುವ ಸಾಧ್ಯತೆ ಜಾಸ್ತಿ. ಆಗದ ಕಡೆ, ಅದರಲ್ಲೂ ಇಳಿಜಾರಿನಲ್ಲಿ, ಮೊದಲು ಬೀಳು ಬೀಳುತ್ತದೆ. ನಕ್ಷೆ ಮಾಡುವಾಗ ಇಳಿಜಾರಿನ ಪದರವನ್ನು ಸೇರಿಸಿಕೊಳ್ಳಿ ಅನ್ನುವುದು ಇದಕ್ಕೇ.

1880ರ ದಶಕದಿಂದ 1920ರ ದಶಕದವರೆಗೆ ಅಲ್ಲಿನ ಎಸ್ಟೇಟುಗಳು ಅಂಚಿನ ಜಮೀನನ್ನು ತುಂಡು ತುಂಡಾಗಿ ಮಾರಿದವು. ಕರಾರು ಮುಗಿಸಿದ ಭಾರತೀಯ ಕುಟುಂಬಗಳು ಕೂಡಿಟ್ಟ ದುಡ್ಡಿನಲ್ಲಿ ಅದನ್ನು ಕೊಂಡವು. ಹೀಗೆ ಸಾವಿರಾರು ಸಣ್ಣ ಹಿಡುವಳಿದಾರರು ಹುಟ್ಟಿಕೊಂಡರು. ಬಾರ್ಬಡೋಸ್‌ನಲ್ಲಿ ಈ ವರ್ಗ ಇಷ್ಟು ದೊಡ್ಡದಾಗಿ ಬೆಳೆಯಲೇ ಇಲ್ಲ. ಮಾರಿಷಸ್ ಕಬ್ಬು ಜಾಸ್ತಿ ಕಾಲ ಉಳಿದದ್ದಕ್ಕೆ ಇದೂ ಒಂದು ಕಾರಣ ಅನ್ನುವುದು ನನ್ನ ಅಭಿಪ್ರಾಯ. ಮನೆ ಮಂದಿಯೇ ದುಡಿಯುವ ಹೊಲ ಸುಲಭಕ್ಕೆ ಕೈಬಿಡುವುದಿಲ್ಲ.

ಇನ್ನೊಂದು ಆಸರೆ ಯುರೋಪಿನದು. 1975ರ ಸಕ್ಕರೆ ಒಪ್ಪಂದದಲ್ಲಿ ಹಳೆಯ ವಸಾಹತುಗಳಿಂದ ನಿಗದಿತ ಪ್ರಮಾಣದ ಸಕ್ಕರೆಯನ್ನು ಒಳ್ಳೆಯ ಬೆಲೆಗೆ ಕೊಳ್ಳಲು ಯುರೋಪ್ ಒಪ್ಪಿತು. ಅದರಲ್ಲಿ ಅತಿ ದೊಡ್ಡ ಪಾಲು ಮಾರಿಷಸ್‌ಗೆ, ಸುಮಾರು ಐದು ಲಕ್ಷ ಟನ್. ಬಾರ್ಬಡೋಸ್‌ಗೆ ಐವತ್ತು ಸಾವಿರದಷ್ಟು. ಮಾರಿಷಸ್ ಈ ಬೆಲೆಯ ನೆರಳಿನಲ್ಲಿ ಮೂವತ್ತು ವರ್ಷ ಗಟ್ಟಿಯಾಗಿ ನಿಂತಿತು. 2006ರಿಂದ 2009ರೊಳಗೆ ಯುರೋಪ್ ಈ ದರವನ್ನು ಶೇ. 36ರಷ್ಟು ಕಡಿತ ಮಾಡಿತು, ಒಪ್ಪಂದವೂ ಮುಗಿಯಿತು. ನಿಮ್ಮ ಗ್ರಾಫ್‌ನಲ್ಲಿ ಈ ನಾಲ್ಕು ವರ್ಷಗಳಿಗೆ ಬಣ್ಣ ಹಚ್ಚಿ. ಮಾರಿಷಸ್‌ನ ಕಟಾವು ಗೆರೆ ಅದರ ಮುಂಚೆ ನಿಧಾನಕ್ಕೆ ಇಳಿಯುತ್ತದೆ, ಆಮೇಲೆ ಜೋರಾಗಿ. ಬಾರ್ಬಡೋಸ್ ಗೆರೆ ಅಷ್ಟು ಹೊತ್ತಿಗಾಗಲೇ ಬಹಳ ಕೆಳಗೆ ಬಂದಿರುತ್ತದೆ.

ಆ ಹೊತ್ತಿಗೆ ಸಣ್ಣ ಹಿಡುವಳಿದಾರರ ಮಕ್ಕಳು, ಮೊಮ್ಮಕ್ಕಳು ಜವಳಿ ಕಾರ್ಖಾನೆ, ಹೋಟೆಲು, ಕಚೇರಿ ಸೇರಿದ್ದರು. ಅರ್ಧ ಆರ್ಪೆಂಟ್ ಹೊಲ ನಾಲ್ಕು ಜನಕ್ಕೆ ಪಾಲಾಗಿತ್ತು. ಕಡಿಯುವ ಕೂಲಿ, ಸಾಗಿಸುವ ಖರ್ಚು ಕಳೆದರೆ ಕೈಗೆ ಏನೂ ಉಳಿಯುತ್ತಿರಲಿಲ್ಲ. ಒಂದು ವರ್ಷ ಕಡಿಯದೆ ಬಿಟ್ಟರು. ಮರುವರ್ಷವೂ ಬಿಟ್ಟರು. ಹಾಗೇ ಪೊದೆ ಬೆಳೆಯಿತು. ದೊಡ್ಡ ಕಂಪನಿಗಳು ಬೇರೆ ದಾರಿ ಹಿಡಿದವು. ರಾಜಧಾನಿಯ ದಕ್ಷಿಣಕ್ಕಿರುವ ಎಬೆನ್ ಸೈಬರ್ ಸಿಟಿ ಈ ಶತಮಾನದ ಆರಂಭದಲ್ಲಿ ಕಬ್ಬಿನ ನೆಲದಲ್ಲೇ ಎದ್ದಿತು. ಆಮೇಲೆ ವಿದೇಶಿಯರಿಗೆ ಮಾರುವ ವಿಲ್ಲಾ ಯೋಜನೆಗಳು, 2015ರಿಂದ ಸ್ಮಾರ್ಟ್ ಸಿಟಿ ಯೋಜನೆಗಳು. ಕಬ್ಬಿನ ಕಾರ್ಖಾನೆಗಳು 1858ರಲ್ಲಿ 259 ಇದ್ದವು. ಈಗ ಮೂರು.

ಹಾಗಾಗಿ 'ಎಷ್ಟು ಹೆಕ್ಟೇರ್ ಹೋಯಿತು' ಅನ್ನುವುದನ್ನು ಎರಡು ಪಾಲು ಮಾಡಿ. ಬೀಳು ಬಿದ್ದದ್ದು ಎಷ್ಟು, ಕಟ್ಟಡದ ಕೆಳಗೆ ಹೋದದ್ದು ಎಷ್ಟು. ಬೀಳು ನೆಲಕ್ಕೆ ಮತ್ತೆ ನೇಗಿಲು ಹೋಗಬಹುದು. ವಿಲ್ಲಾ ಕಟ್ಟಿದ ನೆಲಕ್ಕೆ ಹೋಗುವುದಿಲ್ಲ. ಒಂದೇ ಅಂಕಿಯಲ್ಲಿ ಇವೆರಡನ್ನೂ ಬೆರೆಸುವುದು ಈ ದ್ವೀಪಗಳ ರೈತರಿಗೆ ಮಾಡುವ ಅನ್ಯಾಯ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಇದನ್ನು ಬೇರ್ಪಡಿಸಲು ಉಪಗ್ರಹ ಚಿತ್ರ ಬೇಕು. ಇಲ್ಲಿ ಎಚ್ಚರ. ಇಂಥ ನಕ್ಷೆಗಳು ನೆಲವನ್ನು ಚೌಕಗಳಾಗಿ ಹಂಚಿ ಒಂದೊಂದಕ್ಕೆ ಒಂದು ಬಳಕೆ ಬರೆಯುತ್ತವೆ. ಜಾಗತಿಕ ನಕ್ಷೆಗಳಲ್ಲಿ 300 ಮೀಟರ್ ಚೌಕದವು ಇವೆ. ಒಂದು ಚೌಕ ಅಂದರೆ 9 ಹೆಕ್ಟೇರ್, ಇಪ್ಪತ್ತೆರಡು ಎಕರೆ. ಅರ್ಧ ಆರ್ಪೆಂಟ್ ಹೊಲ ಅದರಲ್ಲಿ ಎಲ್ಲಿ ಕಾಣಬೇಕು? ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ 10 ಮೀಟರ್‌ನ ವರ್ಲ್ಡ್‌ಕವರ್ ನಕ್ಷೆ 2020 ಮತ್ತು 2021ಕ್ಕೆ ಸಿಗುತ್ತದೆ. ಆದರೆ ಆ ಎರಡು ವರ್ಷದ ನಕ್ಷೆ ಮಾಡಿದ ವಿಧಾನ ಒಂದೇ ಅಲ್ಲ. ಒಂದರಿಂದ ಒಂದನ್ನು ಕಳೆದು ಇಷ್ಟು ಬದಲಾಯಿತು ಅಂತ ಬರೆದರೆ ತಪ್ಪಾಗುತ್ತದೆ. ಇನ್ನೂ ಒಂದು ಕಷ್ಟ ಇದೆ. ಕಬ್ಬು ಹುಲ್ಲಿನ ಜಾತಿ. ಬಿಟ್ಟ ಹೊಲದಲ್ಲಿ ಬೆಳೆಯುವುದೂ ಹುಲ್ಲೇ. ಒಂದು ದಿನದ ಚಿತ್ರದಲ್ಲಿ ಎರಡೂ ಒಂದೇ ಹಸಿರು. ವರ್ಷ ಪೂರ್ತಿ ಚಿತ್ರ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಕಟಾವಾದ ಹೊಲ ಇದ್ದಕ್ಕಿದ್ದಂತೆ ಬೋಳಾಗುತ್ತದೆ, ಬೀಳು ಹೊಲ ಆಗುವುದಿಲ್ಲ. ಬಾರ್ಬಡೋಸ್‌ನಲ್ಲಿ ಕಟಾವು ವರ್ಷದ ಮೊದಲ ತಿಂಗಳುಗಳಲ್ಲಿ, ಮಾರಿಷಸ್‌ನಲ್ಲಿ ಜೂನ್‌ನಿಂದ ಡಿಸೆಂಬರ್. ಚಿತ್ರ ಆರಿಸುವಾಗ ಇದನ್ನು ಮರೆಯಬೇಡಿ.

1961ಕ್ಕಿಂತ ಹಿಂದಿನ ಉದ್ದನೆಯ ಗೆರೆಗಳೂ ನಿಮಗೆ ಸಿಗುತ್ತವೆ. ಅವು ಹೆಚ್ಚಾಗಿ ಹೈಡ್ ಅನ್ನುವ ದತ್ತಾಂಶದಿಂದ ಬಂದವು. ಹಳೆಯ ಕಾಲಕ್ಕೆ ಅದು ಮುಖ್ಯವಾಗಿ ಜನಸಂಖ್ಯೆಯಿಂದ ಲೆಕ್ಕ ಕಟ್ಟಿದ ಅಂದಾಜು. ಅದರ ಒಂದು ಚೌಕ ಸುಮಾರು 80 ಚದರ ಕಿಲೋಮೀಟರ್. ಇಡೀ ಬಾರ್ಬಡೋಸ್ ಐದು ಚೌಕಕ್ಕೆ ಮುಗಿಯುತ್ತದೆ. ಖಂಡಗಳ ಹೋಲಿಕೆಗೆ ಅದು ಒಳ್ಳೆಯದು, ಈ ದ್ವೀಪಗಳಿಗೆ ಬೇಡ.

ಒಂದು ಮಾತು ಆಹಾರದ ಬಗ್ಗೆ. ಸಾಗುವಳಿ ಭೂಮಿ ಕಡಿಮೆಯಾಯಿತು ಅಂದರೆ ಊಟ ಕಡಿಮೆಯಾಯಿತು ಅಂತ ಬರೆಯಬೇಡಿ. ಆ ನೆಲದ ಬಹುಪಾಲು ಬೆಳೆಯುತ್ತಿದ್ದುದು ರಫ್ತಿನ ಸಕ್ಕರೆಯನ್ನು. ಅನ್ನ ಆಗಲೂ ಹೊರಗಿನಿಂದಲೇ ಬರುತ್ತಿತ್ತು. 2023ರಲ್ಲಿ ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದಾಗ ಮಾರಿಷಸ್‌ಗೆ ಅಂತ ವಿಶೇಷವಾಗಿ 14,000 ಟನ್‌ಗೆ ಅನುಮತಿ ಕೊಡಬೇಕಾಯಿತು. ಬೀಳು ಬಿದ್ದ ಕಬ್ಬಿನ ನೆಲದಲ್ಲಿ ಆಹಾರ ಬೆಳೆಯಬಹುದೇ ಅನ್ನುವ ಪ್ರಶ್ನೆ ಅಲ್ಲಿನವರಿಗೆ ಈಗ ಬಹಳ ಹತ್ತಿರದ್ದು. ನಿಮ್ಮ 'ಬೀಳು' ಕಾಲಂ ಸರಿಯಾಗಿದ್ದರೆ ಆ ಚರ್ಚೆಗೂ ಅದು ಉಪಯೋಗಕ್ಕೆ ಬರುತ್ತದೆ.

ಕೆಲಸ ಶುರು ಮಾಡುವ ಮುಂಚೆ ಮಾರಿಷಸ್ ಅಂಕಿಯಲ್ಲಿ ರೊಡ್ರಿಗಸ್ ಸೇರಿದೆಯೇ ಅಂತ ಪ್ರತಿ ಪಟ್ಟಿಯಲ್ಲೂ ನೋಡಿ. ಅಲ್ಲಿ ಸಕ್ಕರೆ ಉದ್ಯಮ ಇಲ್ಲ, ಬೆಳೆಯುವುದು ಮೆಕ್ಕೆಜೋಳ, ಬೀನ್ಸ್, ಮೆಣಸಿನಕಾಯಿ. ದೇಶದ ಅಂಕಿಯನ್ನೂ ದ್ವೀಪದ ಅಂಕಿಯನ್ನೂ ಬೆರೆಸಿದರೆ ನೂರು ಚದರ ಕಿಲೋಮೀಟರ್ ವ್ಯತ್ಯಾಸ ಬರುತ್ತದೆ. ಸಮಯ ಉಳಿದರೆ ಮೂರನೆಯದಾಗಿ ವೆಸ್ಟ್ ಇಂಡೀಸ್‌ನ ಇನ್ನೊಂದು ಕಬ್ಬಿನ ದ್ವೀಪ ಸೇಂಟ್ ಕಿಟ್ಸ್ ಸೇರಿಸಿಕೊಳ್ಳಿ. ಅಲ್ಲಿ ಸರ್ಕಾರವೇ 2005ರ ಕಟಾವಿನ ಮೇಲೆ ಸಕ್ಕರೆ ಉದ್ಯಮವನ್ನು ಮುಚ್ಚಿತು. ನಿಂತ ವರ್ಷ ಖಚಿತವಾಗಿ ಗೊತ್ತಿರುವುದರಿಂದ, ಉಳುಮೆ ಭೂಮಿಯ ಪಟ್ಟಿ ಆ ಸಂಗತಿಯನ್ನು ಎಷ್ಟು ವರ್ಷ ತಡವಾಗಿ ತೋರಿಸುತ್ತದೆ ಅಂತ ನೀವೇ ಅಳೆಯಬಹುದು. ಆ ತಡವನ್ನು ಕೈಯಲ್ಲಿಟ್ಟುಕೊಂಡು ಮಾರಿಷಸ್ ಗೆರೆಯನ್ನು ಇನ್ನೊಮ್ಮೆ ಓದಿ.